ವೇ-ಬ್ರಿಜ್, ಖೋರ್ ಖ್ವೇರ್

ಬಂದರಿನಲ್ಲಿ ಕೂತು ಪೋರ್ಟ್ ತೆರೆಯುವುದು ನನ್ನ ಕೆಲಸ.
ಹಡಗಿನದಲ್ಲ. ನಾಲ್ಕು ಸಾವಿರದ ಒಂದು ಎಂಬ ನಂಬರಿನದು.
ಕಿಟಕಿಯಾಚೆ ಲಾರಿ ತೂಗುವ ಕಬ್ಬಿಣದ ಹಾಸು,
ಈಚೆ ಮೇಜಿನ ಮೇಲೆ ಕಂಪ್ಯೂಟರ್,
ನಡುವೆ ನೀಲಿ ತಂತಿ, ತುದಿಗೊಂದು ಸಾಕೆಟ್:
ಒಂದು ಹೇಳುತ್ತದೆ, ಇನ್ನೊಂದು ಕಿವಿಗೊಟ್ಟಿರುತ್ತದೆ.

ರಾಸ್ ಅಲ್ ಖೈಮಾದ ಗುಡ್ಡ ದಿನಕ್ಕಿಷ್ಟು ಸವೆದು
ಹಡಗು ಹತ್ತುತ್ತದೆ.
ಜಲ್ಲಿ, ಸುಣ್ಣಕಲ್ಲು, ಬಿಳಿ ಧೂಳು;
ಕೀಬೋರ್ಡಿನ ಸಂದಿಯಲ್ಲೂ ಗುಡ್ಡ.
ಲಾರಿ ಬಂದು ನಿಂತರೆ ಕೆಂಪು ಅಂಕಿ ಕುಣಿದು ಕುಣಿದು
ಸುಮ್ಮನಾಗುತ್ತದೆ. ನನ್ನ ಪ್ರೋಗ್ರಾಂ ಕೇಳಿಸಿಕೊಂಡು
ಚೀಟಿ ಹೊಡೆಯುತ್ತದೆ.
ಕೇಳಿಸಿಕೊಂಡಿತು ಎಂದೇ ಐದು ತಿಂಗಳು ನಂಬಿದ್ದೆ.

ಗುಲ್ ಜಮಾನ್ ಬಂದದ್ದು ಜುಲೈನ ಒಂದು ಮಧ್ಯಾಹ್ನ,
ಏಸಿಯೂ ಬೆವರುವ ಹೊತ್ತು.
ಚೀಟಿಯನ್ನು ಗಾಜಿಗೆ ಒತ್ತಿ ಹಿಡಿದ.
ಹೊರಗೆ ಅರವತ್ತೆರಡು ಪಾಯಿಂಟ್ ನಾಲ್ಕು ಎಂಟು.
ಕಾಗದದಲ್ಲಿ ಅರವತ್ತೆರಡು. ಬರೀ ಅರವತ್ತೆರಡು.
"ಪಾಯಿಂಟ್ ಕಿಧರ್ ಗಯಾ, ಮೇಡಂ?"

ಮಶೀನು ಸುಳ್ಳು ಹೇಳೋದಿಲ್ಲ, ಅಂದೆ.
ಹೇಳಿರಲಿಲ್ಲ, ನಿಜ.
ಹೇಳುತ್ತಿದ್ದಾಗ ಅರ್ಧಕ್ಕೇ ಎದ್ದುಹೋದದ್ದು ನಾನು.

ಆ ರಾತ್ರಿ ತಂತಿಯಲ್ಲಿ ಹಾದದ್ದನ್ನೆಲ್ಲ
ಒಂದೊಂದೇ ಬೈಟ್ ಹಿಡಿದು ನೋಡಿದೆ.
ಆರು, ಎರಡು, ಚುಕ್ಕಿ.
ಆಮೇಲೆ ನೊಣ ಕೂತು ಏಳುವಷ್ಟೂ ಇಲ್ಲದ ಬಿಡುವು.
ಆಮೇಲೆ ನಾಲ್ಕು, ಎಂಟು, ಸಾಲಿನ ಕೊನೆ.
ತಂತಿಗೆ ಹರಿಯುವುದಷ್ಟೇ ಗೊತ್ತು,
ಸಂಖ್ಯೆ ಎಲ್ಲಿ ಮುಗಿಯಿತೆಂದು ನೀರು ಹೇಳೀತೇ?
ಕೊಡ ಒಡ್ಡಿದವರಿಗೆ ತಿಳಿದಿರಬೇಕು.
ನಾನು ಮೊದಲ ಬೊಗಸೆಗೇ ನಲ್ಲಿ ತಿರುಗಿಸಿ,
ತಡವಾಗಿ ಬಂದ ನಾಲ್ಕು ಎಂಟನ್ನು ಕಸವೆಂದು ಗುಡಿಸಿದ್ದೆ.
ಆ ಸಾಲೂ ನನ್ನದೇ. ಪಕ್ಕದಲ್ಲಿ ನನ್ನದೇ ಟಿಪ್ಪಣಿ:
"ಸ್ವಚ್ಛಗೊಳಿಸು."

ಪ್ರತಿ ಸಲವಲ್ಲ, ನೂರಕ್ಕೆ ಮೂರೋ ನಾಲ್ಕೋ.
ಆದರೆ ತಪ್ಪಿದಾಗಲೆಲ್ಲ ಕಡಿಮೆಯೇ,
ಒಮ್ಮೆಯೂ ಹೆಚ್ಚಿಲ್ಲ.
ಅದಕ್ಕೇ ಇರಬೇಕು, ಆಫೀಸಿನಿಂದ ಯಾರೂ ಫೋನ್ ಮಾಡಿರಲಿಲ್ಲ.

ತೂಕದ ಗುಮಾಸ್ತ ಮೊಯ್ದಿನಬ್ಬ, ಉಪ್ಪಿನಂಗಡಿಯವರು,
ಹದಿನೇಳು ವರ್ಷದಿಂದ ಇದೇ ಕುರ್ಚಿ.
ವಾಕಿ-ಟಾಕಿಯಲ್ಲಿ ಕ್ರಶರಿನ ಕಡೆಯಿಂದ
ಪಠಾಣರ, ಬಲೂಚಿಗಳ ಹರಕುಮುರುಕು ಹಿಂದಿ.
ನಡುವೆ ಗರಗರ. ಮಾತು ನಿಂತಂತಾಗುತ್ತದೆ.
ಅವರು ಪೆನ್ಸಿಲ್ ಎತ್ತುವುದಿಲ್ಲ. "ಖಲಾಸ್?" ಅನ್ನುತ್ತಾರೆ.
ಆಚೆಯಿಂದ "ಖಲಾಸ್" ಬಂದ ಮೇಲೆಯೇ ಬರೆಯುವುದು.
"ಸುಮ್ಮನಾದ ಕೂಡ್ಲೇ ಮುಗೀತು ಅಂತಲ್ಲ ಮಾರಾಯ್ರೆ,
ಕೆಮ್ಮು ಬಂದಿರಬಹುದು."

ಇದನ್ನೇ ಬರೆಯಲು ನನಗೆ ಹನ್ನೊಂದು ಸಾಲು ಬೇಕಾಯಿತು.
ಬಂದದ್ದನ್ನು ಕೂಡಿಡು. ಸಾಲಿನ ಕೊನೆ ಕಾಣುವ ತನಕ ನಂಬಬೇಡ.
ಕಾಯುವ ಕೆಲಸ ಬೇರೊಂದು ಎಳೆಗಿರಲಿ,
ಇಲ್ಲದಿದ್ದರೆ ಪರದೆ ಬೆಳ್ಳಗಾಗಿ ಮರಗಟ್ಟಿ ಕೂರುತ್ತದೆ.
ಐದು ಸೆಕೆಂಡಾದರೂ ಬಾರದಿದ್ದರೆ
ಚೀಟಿ ಹೊಡೆಯಬೇಡ; ಗೊತ್ತಿಲ್ಲ ಎಂದು ಒಪ್ಪಿಕೋ.

ಹೋದ ಪಾಯಿಂಟುಗಳು?
ಮೊಯ್ದಿನಬ್ಬ ಡ್ರಾಯರಿನಿಂದ ಉದ್ದ ಪುಸ್ತಕ ತೆಗೆದರು.
ಕಿಟಕಿಯಿಂದ ಕಂಡ ಕೆಂಪು ಅಂಕಿ, ಐದು ತಿಂಗಳಿನದು,
ಎಲ್ಲ ಪೆನ್ಸಿಲಿನಲ್ಲಿ.
ಮೊದಲೇ ಯಾಕೆ ಹೇಳಲಿಲ್ಲ ಅಂದೆ.
"ಕಂಪ್ಯೂಟರಿನ ಎದುರು ಪೆನ್ಸಿಲ್ ಏನು ಹೇಳ್ತದೆ?"

ನಾಲ್ಕು ರಾತ್ರಿ ಅವರು ಓದಿದರು, ನಾನು ಹೊಂದಿಸಿದೆ.
"ಐವತ್ತೊಂಬತ್ತು ಪಾಯಿಂಟ್ ಏಳು ಆರು."
ತಡೆದು, "ಖಲಾಸ್."

ಗುಲ್ ಜಮಾನನ ಹದಿನಾರು ಟನ್ನಿನ ಬಾಡಿಗೆಯನ್ನು
ಆಫೀಸು ಗೊಣಗಿಕೊಂಡೇ ಕೊಟ್ಟಿತು, ಮೂರು ಕಂತಿನಲ್ಲಿ.
ತಾಜ್ ವಲಿ ಎಂಬವನ ಒಂಬತ್ತು ಟನ್ ನಲವತ್ತು ಕಿಲೋ
ಹಾಗೇ ಉಳಿದಿದೆ. ಮೇ ತಿಂಗಳಲ್ಲೇ ವೀಸಾ ಮುಗಿದು
ಬನ್ನುವಿಗೆ ಹೋದನಂತೆ.
ನಂಬರ್ ಒತ್ತಿದರೆ ಹೆಣ್ಣುದನಿ ಪಶ್ತೋದಲ್ಲೇನೋ ಹೇಳುತ್ತದೆ,
ಸ್ವಿಚಾಫ್ ಎಂದೋ, ಅಂಥ ನಂಬರೇ ಇಲ್ಲವೆಂದೋ.
ಮೊಯ್ದಿನಬ್ಬ ಪೂರ್ತಿ ಕೇಳುತ್ತಾರೆ,
ಕೊನೆಯ ಟೂಂ ಟೂಂ ನಿಲ್ಲುವ ತನಕ.
ನಾಳೆ ಇನ್ನೊಮ್ಮೆ, ಅನ್ನುತ್ತಾರೆ.

ಹೊರಗೆ ಲಾರಿ ಹತ್ತಿದೆ.
ಅಂಕಿ ಇನ್ನೂ ಕುಣಿಯುತ್ತಿದೆ.